ಓದುಗರ ಪ್ರಶ್ನೆ: ಮುತ್ತಜ್ಜನ ಉಯಿಲು, ಚರ್ಚಿನ ಮರಣದ ಪುಸ್ತಕ, ಹೊಲದ ಸಮಾಧಿ

ಪ್ರಶ್ನೆ: ಮುತ್ತಜ್ಜ ಬರೆಸಿದ ಉಯಿಲು ಸಿಕ್ಕಿದೆ. ಬರೀ ಬಿಳಿ ಕಾಗದ, ಛಾಪಾ ಇಲ್ಲ. ಮೊದಲ ಸಾಲಿನಲ್ಲಿ ‘ಪ್ಲವಂಗ ಸಂ॥ರದ ಮಾಗ೯ಶಿರ ಶು ೫’ ಎಂದಿದೆ, ಇಸವಿ ಇಲ್ಲ. ಇದು ಮಾಘದ 9ನೇ ದಿನವೇ? ಒಳಗೆ ‘ಮೈಸೂರು ಜಿಲ್ಲೆ ಮಳವಳ್ಳಿ ತಾಲ್ಲೂಕು’, ಸರ್ವೆ ನಂಬರು, ಆಣೆಗಳಲ್ಲಿ ಕಂದಾಯ ಕಾಣುತ್ತದೆ. ಕೊನೆಗೆ ‘ಬಿಕ್ಕಲಂ’ ಎಂದು ಇನ್ನೊಬ್ಬರ ಹೆಸರಿದೆ. ಅವರು ನಮಗೆ ಏನಾಗಬೇಕು?
— ಓದುಗರು, ಮಳವಳ್ಳಿ

ಉತ್ತರ: ಅದು ಒಂಬತ್ತಲ್ಲ, ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ಚಿಹ್ನೆ. ಕೈಬರಹದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ‘ಮಾಗ೯ಶಿರ’ ಎಂದರೆ ಮಾರ್ಗಶಿರ. ಮಾಘ 9 ಎಂದು ಓದಿದರೆ ‘ಶಿರ’ ಅನಾಥವಾಗಿ ಉಳಿಯುತ್ತದೆ, ಮುಂದೆ ‘ಶು ೫’ ಎಂಬ ಇನ್ನೊಂದು ತಿಥಿಯೂ ಬರುತ್ತದೆ. ಒಂದು ದಿನಕ್ಕೆ ಎರಡು ತಿಥಿ ಬರೆಯುವ ಶ್ಯಾನುಭೋಗರಿಲ್ಲ.

ಇನ್ನು ಇಸವಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಪ್ಲವಂಗ ಬಂದದ್ದು 1847-48, 1907-08, 1967-68ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಪೈಮಾಷಿ (ಜಮೀನಿನ ಸರ್ವೆ) ಶುರುವಾದದ್ದು 1863ರಲ್ಲಿ, ಹಾಗಾಗಿ ಸರ್ವೆ ನಂಬರಿರುವ ಕಾಗದ 1847ರದ್ದಾಗದು. ಮಂಡ್ಯ ಜಿಲ್ಲೆ 1939ರ ಜುಲೈ 1ರಂದು ಬೇರೆಯಾಯಿತು, 1957ರ ಏಪ್ರಿಲ್‌ನಿಂದ ನಯಾ ಪೈಸೆ ಬಂತು. ಮಳವಳ್ಳಿಯನ್ನು ಮೈಸೂರು ಜಿಲ್ಲೆಗೆ ಸೇರಿಸಿ ಆಣೆ ಲೆಕ್ಕ ಬರೆದಿರುವುದರಿಂದ 1967 ಕೂಡ ಬಿತ್ತು. ಉಳಿದದ್ದು 1907. ಆ ವರ್ಷದ ಮಾರ್ಗಶಿರ ಶುದ್ಧ ಪಂಚಮಿ ಡಿಸೆಂಬರ್ ಎರಡನೇ ವಾರಕ್ಕೆ ಬರುತ್ತದೆ. ನೀವು ಓದಿದಂತೆ ಮಾಘವಾಗಿದ್ದರೆ 1908ರ ಫೆಬ್ರವರಿಯಾಗುತ್ತಿತ್ತು. ಒಂದು ಅರ್ಕಾವತ್ತಿಗೆ ಇಸವಿಯೇ ಬದಲು!

ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79. ಕೆಲವರು ‘ಗತ’, ಅಂದರೆ ಮುಗಿದ ವರ್ಷ ಬರೆಯುತ್ತಾರೆ, ಕೆಲವರು ನಡೆಯುತ್ತಿರುವುದನ್ನು ಬರೆಯುತ್ತಾರೆ, ಒಂದು ವರ್ಷ ಹೆಚ್ಚುಕಡಿಮೆಯಾಗುತ್ತದೆ. ಶಕಕ್ಕೂ ಸಂವತ್ಸರಕ್ಕೂ ತಾಳೆಯಾಗದಿದ್ದರೆ ಸಂವತ್ಸರವನ್ನೇ ನಂಬಿ, ವಾರದ ಹೆಸರಿದ್ದರೆ ಪಂಚಾಂಗದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಬಿಕ್ಕಲಂ ಎಂದರೆ ಬರೆದವರ ಕೈ. ಅವರು ಬರವಣಿಗೆಯವರು, ವಂಶವೃಕ್ಷಕ್ಕೆ ಹತ್ತಿಸಬೇಡಿ. ಅವರ ಹೆಸರಿನಿಂದ ಬೇರೊಂದು ಉಪಯೋಗವಿದೆ: ಅದೇ ಕೈಯ ಇನ್ನೊಂದು ಪತ್ರ ಊರಿನಲ್ಲಿ ಸಿಕ್ಕರೆ ಇದನ್ನು ಓದುವುದು ಸುಲಭ. ಛಾಪಾ ಇಲ್ಲವೆಂದು ಅನುಮಾನವೂ ಬೇಡ, ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ.

ಓದುವಾಗ ಹೆಸರುಗಳಿಂದ ಶುರು ಮಾಡಬೇಡಿ, ಅಲ್ಲೇ ಎಲ್ಲರೂ ಎಡವುವುದು. ‘ಬರೆಸಿಕೊಟ್ಟ ಮರಣಶಾಸನದ ಕ್ರಮವೇನೆಂದರೆ’, ‘ಯಾರ ಬಲವಂತವೂ ಇಲ್ಲದೆ’ ಎಂಬಂಥ ಸಿದ್ಧ ವಾಕ್ಯಗಳನ್ನು ಮೊದಲು ಹುಡುಕಿ. ಅಲ್ಲಿ ಏನಿದೆ ಎಂದು ಗೊತ್ತಿರುವುದರಿಂದ ಈ ಕೈ ‘ಮ’ ಹೇಗೆ, ‘ವು’ ಹೇಗೆ, ನ-ಸ, ಬ-ಭ, ೬-೭ ಹೇಗೆ ಬರೆಯುತ್ತದೆ ಎಂದು ಒಂದು ಹಾಳೆಯಲ್ಲಿ ಬಿಡಿಸಿಕೊಳ್ಳಬಹುದು. ಆಮೇಲೆ ಸಾಲಿಗೆ ಸಾಲು ನಕಲು ಮಾಡಿ, ತಿಳಿಯದ ಅಕ್ಷರಕ್ಕೆ ಚುಕ್ಕಿ ಇಡಿ. ಹಳೇ ಕೈಗಳು ದೀರ್ಘ ಹಾಕುವುದು ಕಡಿಮೆ. ‘ಬೊರೆಗೌಡ’ ಎಂದಿದ್ದರೆ ಬೋರೇಗೌಡ. ಪದಗಳ ನಡುವೆ ಜಾಗವೂ ಇರುವುದಿಲ್ಲ.

‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ, ‘ಯಾನೆ’ ಎಂದರೆ ಇನ್ನೊಂದು ಹೆಸರು. ಸಂಬಂಧದ ಮಾತುಗಳನ್ನು ಮಾತ್ರ ಎರಡು ಸಲ ಯೋಚಿಸಿ. ಅಳಿಯ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯ ಮಗನೂ ಹೌದು. ಸೊಸೆಯದೂ ಅದೇ ಕಥೆ. ಮಂಡ್ಯ ಸೀಮೆಯ ‘ಅಣ್ತಮ್ಮಂದಿರು’ ಒಡಹುಟ್ಟಿದವರೇ ಆಗಬೇಕಿಲ್ಲ, ದಾಯಾದಿಗಳೂ ಆದಾರು. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ‘ಚಿಕ್ಕಣ್ಣ ಬಿನ್ ಕೆಂಪೇಗೌಡ’ನೂ ‘ಕೆಂಪೇಗೌಡ ಬಿನ್ ಚಿಕ್ಕಣ್ಣ’ನೂ ಒಂದೇ ಮನೆಯಲ್ಲಿ ಸಿಗುತ್ತಾರೆ. ಇವರನ್ನು ಬೆರೆಸಿದರೆ ಎರಡು ತಲೆಮಾರು ಮಾಯ. ಪ್ರತಿ ಹೆಸರಿನ ಪಕ್ಕದಲ್ಲಿ ಸರ್ವೆ ನಂಬರೂ ಬರೆದುಕೊಳ್ಳಿ. ಹೆಸರು ಮರಳಿ ಬರುತ್ತದೆ, ಜಮೀನು ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ತಾತ ಉಯಿಲನ್ನು ರಿಜಿಸ್ಟರ್ ಮಾಡಿಸಿದ್ದರಂತೆ. ಇಸಿ (ಋಣಭಾರ ಪತ್ರ) ತೆಗೆಸಿದೆ, ಅದರಲ್ಲಿ ಇಲ್ಲ. ಹಾಗಾದರೆ ಸುಳ್ಳೇ?
— ಓದುಗರು, ಮೈಸೂರು

ಉತ್ತರ: ಇಸಿಯಲ್ಲಿ ಬರುವುದು 1ನೇ ಪುಸ್ತಕದ ದಾಖಲೆಗಳು: ಕ್ರಯ, ಭೋಗ್ಯ, ವಿಭಾಗ, ದಾನ. ಉಯಿಲು ದಾಖಲಾಗುವುದು 3ನೇ ಪುಸ್ತಕದಲ್ಲಿ. ಮೊಹರು ಮಾಡಿದ ಲಕೋಟೆಯಲ್ಲಿ ಒಪ್ಪಿಸಿದ್ದರೆ 5ನೇ ಪುಸ್ತಕ. ಆದ್ದರಿಂದ ಇಸಿ ಎಷ್ಟು ತೆಗೆಸಿದರೂ ಕಾಣದು. ಬರೆದವರು ತೀರಿಕೊಂಡ ಮೇಲೆ 3ನೇ ಪುಸ್ತಕದ ನಕಲನ್ನು ಯಾರು ಬೇಕಾದರೂ ಕೇಳಬಹುದು, ಬದುಕಿರುವಾಗ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಪುಸ್ತಕವನ್ನು ನಿಮ್ಮ ಕೈಗೆ ಕೊಡುವುದಿಲ್ಲ, ಹುಡುಕುವವರು ನೋಂದಣಾಧಿಕಾರಿಯೇ. ಮರಣಪತ್ರ, ತಾತನ ಹೆಸರು ಅಂದಿನ ಕಾಗದಗಳಲ್ಲಿ ಇರುವಂತೆಯೇ, ಅಂದಾಜು ವರ್ಷ ಕೊಟ್ಟು ಅರ್ಜಿ ಹಾಕಿ. ಮನೆಯ ಹಳೇ ಕಾಗದದ ಬೆನ್ನನ್ನೂ ನೋಡಿ. ಅಲ್ಲಿ ನೋಂದಣಿ ಕಚೇರಿಯವರು ಬರೆದ ಷರಾದಲ್ಲಿ ಪುಸ್ತಕ, ಸಂಪುಟ, ಪುಟ ಇದ್ದರೆ ಅರ್ಧ ಕೆಲಸ ಮುಗಿಯಿತು. ಅಂದಹಾಗೆ ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಸಿಗಲಿಲ್ಲವೆಂದರೆ ಬರೆದೇ ಇರಲಿಲ್ಲ ಎಂದಲ್ಲ.

ಪ್ರಶ್ನೆ: ನಮ್ಮದು ಹಳೇ ಕ್ಯಾಥೊಲಿಕ್ ಮನೆತನ. ಚರ್ಚಿನ ಮರಣದ ಪುಸ್ತಕ ಲ್ಯಾಟಿನ್‌ನಲ್ಲಿದೆ. ಅಜ್ಜಿಯ ತಂದೆ ರಾಯಪ್ಪ. ಆ ಹೆಸರೇ ಇಲ್ಲ. ತಿಂಗಳ ಜಾಗದಲ್ಲಿ ‘7ಬ್ರಿಸ್’ ಎಂದಿದೆ, ಜುಲೈ ಎಂದುಕೊಂಡಿದ್ದೇನೆ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ತೆಮ್ ಎಂದರೆ ಏಳು. ಹೀಗೇ 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಹತ್ತನ್ನು ಎಕ್ಸ್ ಅಕ್ಷರದಿಂದಲೂ ಬರೆಯುತ್ತಾರೆ.

ರಾಯಪ್ಪನನ್ನು ‘ಪೆತ್ರುಸ್’ ಎಂದು ಹುಡುಕಿ, ರಾಯಪ್ಪ ಎಂದರೆ ಪೀಟರ್. ಚಿನ್ನಪ್ಪ ಪೌಲ್, ಅರುಳಪ್ಪ ಜಾನ್, ಯಾಗಪ್ಪ ಜೇಮ್ಸ್, ಇನ್ನಾಸಪ್ಪ ಇಗ್ನೇಷಿಯಸ್, ಚೌರಪ್ಪ ಕ್ಸೇವಿಯರ್. ಮನೆಯಲ್ಲಿ ಕನ್ನಡದ ಹೆಸರು, ಪಾದ್ರಿಯ ಪುಸ್ತಕದಲ್ಲಿ ಲ್ಯಾಟಿನ್ ಹೆಸರು. ವಿಭಕ್ತಿಗೆ ತಕ್ಕಂತೆ ಹೆಸರಿನ ಬಾಲ ಬದಲಾಗುವುದೂ ಉಂಟು: ‘ಫಿಲಿಯಾ ಪೆತ್ರಿ’ ಎಂದರೆ ಪೆತ್ರುಸ್‌ನ ಮಗಳು. ‘ಪೆತ್ರಿ’ ಬೇರೆ ಮನುಷ್ಯನಲ್ಲ. ‘ಉಕ್ಸೋರ್’ ಹೆಂಡತಿ, ‘ವಿದುವಾ’ವನ್ನು ಹೇಳಿಕೊಡಬೇಕಿಲ್ಲ, ನಮ್ಮ ವಿಧವೆಯ ನೆಂಟಪದವೇ ಅದು. ‘ಒಬಿಯಿತ್’ ತೀರಿಕೊಂಡ ದಿನ, ‘ಸೆಪುಲ್ತುಸ್’ ಮಣ್ಣು ಮಾಡಿದ ದಿನ. ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ. ವಯಸ್ಸಿನ ಮುಂದೆ ‘ಚಿರ್ಚಿತೆರ್’ ಇದ್ದರೆ ಅದು ಸುಮಾರು. 40, 60 ಎಂಬ ದುಂಡು ಅಂಕಿಗಳನ್ನೂ ಸುಮಾರು ಎಂದೇ ಓದಿ. ಆ ಒಂದು ಸಾಲಿಗೇ ನಿಲ್ಲದೆ ಮದುವೆ ಪುಸ್ತಕಕ್ಕೆ ಹೋಗಿ, ತಂದೆಯ ಹೆಸರೂ ಊರೂ ಅಲ್ಲಿ ಸಿಗುವ ಸಂಭವ ಹೆಚ್ಚು.

ಪ್ರಶ್ನೆ: ನಮ್ಮವರನ್ನು ಹೊಲದಲ್ಲೇ ಮಣ್ಣು ಮಾಡುತ್ತಾ ಬಂದಿದ್ದಾರೆ. ಯಾವ ಪುಸ್ತಕವೂ ಇಲ್ಲ. ಒಂದು ಕಲ್ಲಿನ ಮೇಲೆ ಅಕ್ಷರವಿದೆ, ಓದಲಾಗುತ್ತಿಲ್ಲ.
— ಓದುಗರು, ಕೃಷ್ಣರಾಜಪೇಟೆ

ಉತ್ತರ: ಪುಸ್ತಕದ ಬದಲು ಪೌತಿ ಖಾತೆ ನೋಡಿ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾದ ದಾಖಲೆ. ತಾಲ್ಲೂಕು ಕಚೇರಿಯ ಹಳೇ ಖಾತೆ ಬದಲಾವಣೆ ದಾಖಲೆಗಳಲ್ಲಿ ಯಾರ ಹೆಸರು ಹೋಗಿ ಯಾರದು ಬಂತು ಎಂದು ಸಿಗುತ್ತದೆ. ಆದರೆ ಅದು ಸಾವಿನ ವರ್ಷವಲ್ಲ. ಸಾಲಕ್ಕೋ ಪಾಲಿಗೋ ಅಗತ್ಯ ಬೀಳುವವರೆಗೆ ಖಾತೆ ಮಾಡಿಸದ ಮನೆಗಳೇ ಹೆಚ್ಚು, ‘ಅದಕ್ಕಿಂತ ಮುಂಚೆ’ ಎಂದಷ್ಟೇ ಇಟ್ಟುಕೊಳ್ಳಿ. ವಿಭಾಗಪತ್ರಗಳ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ‘ಪೂರ್ವಕ್ಕೆ ಇಂಥವರ ಸಮಾಧಿ’ ಎಂದಿದೆಯೇ ಹುಡುಕಿ. ತುಂಬ ಹಳೇ ಕಾಗದದಲ್ಲಿ ನಿಮ್ಮ ತಾಲ್ಲೂಕು ‘ಅತ್ತಿಗುಪ್ಪೆ’ ಎಂದಿರುತ್ತದೆ. ವಂಶಾವಳಿ ಹೇಳುವ ಹೆಳವರು ಮನೆಗೆ ಬರುತ್ತಿದ್ದರೆ ಅವರು ಹೇಳುವುದನ್ನು ಬರೆದುಕೊಳ್ಳಿ. ಗಂಡುಮಕ್ಕಳ ಎಳೆ ಸಿಕ್ಕೀತು, ಹೆಣ್ಣುಮಕ್ಕಳಿಗೆ ಮತ್ತೆ ಕಾಗದವನ್ನೇ ನೋಡಬೇಕು.

ಕಲ್ಲಿಗೆ ಆಸಿಡ್, ಹುಣಸೆಹುಳಿ, ತಂತಿಬ್ರಷ್ ಬೇಡ. ಸೀಮೆಸುಣ್ಣ ತುಂಬುವುದಂತೂ ಬೇಡವೇ ಬೇಡ: ಅದು ನಿಮ್ಮ ಊಹೆಯನ್ನು ಅಕ್ಷರ ಮಾಡಿಬಿಡುತ್ತದೆ. ನೀರು ಹಾಕಿ ಮೆತ್ತನೆಯ ನಾರಿನಿಂದ ಮಣ್ಣು ತೆಗೆಯಿರಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಒತ್ತಿ, ಮೈಗೆ ಸಮನಾಗಿ ಬೆಳಕು ಬಿಡಿ. ಎದುರಿನಿಂದ ಕಾಣದ ಗೀರು ನೆರಳು ಬಿದ್ದು ಏಳುತ್ತದೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದಲೂ ಬೆಳಕು ಬಿಟ್ಟು, ಮೊಬೈಲು ಅಲುಗಾಡಿಸದೆ ನಾಲ್ಕು ಫೋಟೊ ತೆಗೆಯಿರಿ. ಅಡ್ಡಗೀರು ಒಂದರಲ್ಲಿ ಕಂಡರೆ ಉದ್ದಗೀರು ಇನ್ನೊಂದರಲ್ಲಿ ಕಾಣುತ್ತದೆ.