ಮಂಡಿ ನೋವಿದ್ದವರ ಜೊತೆ ಲೋಸಾನ್ ನಡಿಗೆ

ಪ್ರಶ್ನೆ: ಮಗಳು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ, ಜೊತೆಗೆ ಅತ್ತೆಯವರು. ಅವರಿಗೆ ಮಂಡಿ ನೋವು. ಹಳೇ ಊರು, ಪಕ್ಕದ ಲಾವೋ ದ್ರಾಕ್ಷಿ ತೋಟ ಎರಡನ್ನೂ ನಡೆದು ನೋಡಬಹುದಾ? ನಾವು ಸಸ್ಯಾಹಾರಿಗಳು, ವೈನ್ ಮುಟ್ಟುವವರಲ್ಲ.
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಧಾರಾಳವಾಗಿ ನೋಡಿ. ಆದರೆ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಲೋಸಾನ್ ಗುಡ್ಡದ ಊರು. ಸರೋವರದ ದಂಡೆಯ ಊಶಿಯಿಂದ ನಡೆಯಲು ಶುರು ಮಾಡಿದರೆ ಪೂರ್ತಿ ಏರು. ಸುಮ್ನೆ ಎಂ2 ಮೆಟ್ರೋ ಹತ್ತಿ ಬೆಸಿಯೇರ್‌ನಲ್ಲಿ ಇಳಿಯಿರಿ. ಕೆಥೆಡ್ರಲ್ ಅಲ್ಲಿಂದ ಹತ್ತಿರ. 1275ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಅದರ ಗೋಪುರದಿಂದ ರಾತ್ರಿ 10ರಿಂದ 2ರವರೆಗೆ ಕಾವಲುಗಾರ ಗಂಟೆಗೊಮ್ಮೆ ನಾಲ್ಕೂ ದಿಕ್ಕಿಗೆ ಸಮಯ ಕೂಗುತ್ತಾನೆ. ಇವತ್ತಿಗೂ! ಒಂದು ರಾತ್ರಿ ಊಟ ಮುಗಿಸಿ ಹೋಗಿ ಕೇಳಿಸಿಕೊಳ್ಳಿ.

ಕೆಥೆಡ್ರಲ್‌ನಿಂದ ಪಾಲ್ಯೂ ಚೌಕಕ್ಕೆ ಮರದ ಮಾಡಿನ ಹಳೇ ಮೆಟ್ಟಿಲುಗಳಿವೆ. ಚೆಂದ ಇವೆ, ಆದರೆ ಅತ್ತೆಯವರನ್ನು ಅಲ್ಲಿ ಇಳಿಸಬೇಡಿ. ನೋಯುವ ಮಂಡಿಗೆ ಏರಿಗಿಂತ ಇಳಿಜಾರೇ ಜಾಸ್ತಿ ತ್ರಾಸು. ನಿಮ್ಮ ಪುಣೆಯ ಸಿಂಹಗಡ ಕೋಟೆ ಇಳಿದ ಮರುದಿನ ನಿಮಗೂ ಗೊತ್ತಾಗಿರುತ್ತೆ, ಅಲ್ವಾ?

ಲಾವೋಗೂ ಇದೇ ಲೆಕ್ಕ. ನೀವು ರೈಲಿನಲ್ಲಿ ಗುಡ್ಡದ ಮೇಲಿನ ಗ್ರಾಂವೋ ಹಳ್ಳಿಗೆ ಹೋಗಿ, ತೋಟದ ನಡುವೆ ನಡೆಯುತ್ತ ಸರೋವರದ ದಂಡೆಯ ಕ್ಯೂಯಿಗೆ ಇಳಿಯಿರಿ. ಅತ್ತೆಯವರಿಗೆ ಟೈರಿನ ಮೇಲೆ ಓಡುವ ಪುಟ್ಟ ರೈಲು 'ಲಾವೋ ಎಕ್ಸ್‌ಪ್ರೆಸ್' ಇದೆ. ದಿನಾ ಓಡುವುದಿಲ್ಲ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ವಾಪಸ್ ಬರಲು ಎಲ್ಲರಿಗೂ ದೋಣಿ. ನಡಿಗೆ ದಾರಿಯ ಹಳದಿ ಫಲಕಗಳಲ್ಲಿ ಬರೆದ ಸಮಯ ಎಲ್ಲೂ ನಿಲ್ಲದೆ ನಡೆಯುವವರದು, ನಮ್ಮಂತೆ ಫೋಟೋ ತೆಗೆಯುತ್ತ ನಿಲ್ಲುವವರದಲ್ಲ.

ವೈನ್ ಕುಡಿಯದಿದ್ದರೆ ಅಲ್ಲೇನಿದೆ ಅನ್ನಬೇಡಿ. ನೋಡಬೇಕಾದದ್ದು ಕಲ್ಲಿನ ಗೋಡೆಗಳನ್ನು. 11ನೇ ಶತಮಾನದಿಂದ ಸನ್ಯಾಸಿಗಳು ಇಲ್ಲಿ ಗುಡ್ಡ ಕಡಿದು ಪಾವಟಿಗೆ ಕಟ್ಟಿದರು. ಬಿಸಿಲು ನೇರ ಬೀಳುತ್ತೆ, ಸರೋವರದಿಂದ ಪ್ರತಿಫಲಿಸುತ್ತೆ, ಹಗಲೆಲ್ಲ ಕಾದ ಗೋಡೆ ರಾತ್ರಿ ಶಾಖ ಬಿಡುತ್ತೆ. ಅದಕ್ಕೇ ಊರವರು 'ಮೂರು ಸೂರ್ಯ' ಅನ್ನುತ್ತಾರೆ. 2007ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಗೋಡೆಗಳ ನಡುವೆ ಒಂದೇ ಹಳಿ ಕಂಡರೆ ಬಗ್ಗಿ ನೋಡಿ. ಹಲ್ಲುಹಲ್ಲಿನ ಆ ಹಳಿಯ ಮೇಲೆ ಪುಟ್ಟ ಗಾಡಿ ದ್ರಾಕ್ಷಿ ಹೊತ್ತು ಏರುತ್ತೆ. ಮೇ ತಿಂಗಳಲ್ಲಿ ಹಣ್ಣು ಸಿಗಲ್ಲ, ಬರೀ ಎಳೆ ಚಿಗುರು. ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ.

ಊಟದಲ್ಲಿ ಎಚ್ಚರ. ಕರಗಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂವನ್ನು 'ವೆಜ್' ಅಂತ ತರಿಸಿಬಿಡಬೇಡಿ: ಚೀಸ್ ಕರಗಿಸುವುದೇ ಬಿಳಿ ವೈನಿನಲ್ಲಿ. ಅದರ ಗ್ರುಯೇರ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ನೀರು ಕೊಳ್ಳಬೇಕಿಲ್ಲ, ಹಳ್ಳಿಗಳ ಕಾರಂಜಿಯಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು. 'ನೋ ಪೊಟಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.