ಎರಡು ಪಾರ್ಟ್‌ಟೈಮ್ ಕೆಲಸ, ಎರಡೂ ಕಡೆ ಟಿಡಿಎಸ್ ಸೊನ್ನೆ. ಯಾವ ಫಾರ್ಮ್ 16 ತೋರಿಸಲಿ?

ಬೆಳಿಗ್ಗೆ ಆಸ್ಪತ್ರೆಯಲ್ಲಿ ತಿಂಗಳಿಗೆ 70,000, ಸಂಜೆ ಕ್ಲಿನಿಕ್‌ನಲ್ಲಿ 60,000, ಎಲ್ಲೂ ಟಿಡಿಎಸ್ ಅಂತ ಸಂಬಳದಲ್ಲೇ ಟ್ಯಾಕ್ಸ್ ಹಿಡಿದಿಲ್ಲ ಅಂದಿದ್ದೀರಿ. ರಿಟರ್ನ್ ಹಾಕುವಾಗ ಒಂದೇ ಕಡೆಯ ಫಾರ್ಮ್ 16 (ವರ್ಷದ ಸಂಬಳ, ಹಿಡಿದ ತೆರಿಗೆಯ ಪತ್ರ) ತೋರಿಸಿದರೆ ಸಾಕು ಅಂತ ಸ್ನೇಹಿತರು ಹೇಳಿದ್ದಾರಂತೆ. ಓದುತ್ತಿದ್ದಂತೆ ನನಗೆ ನನ್ನ ಆಡಿಟರ್ ಆಫೀಸಿನ ಪ್ಲಾಸ್ಟಿಕ್ ಕುರ್ಚಿ ನೆನಪಾಯಿತು.

ನಾನು ದಾವಣಗೆರೆಯಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಬೆಳಿಗ್ಗೆ ಒಂದು ಖಾಸಗಿ ಪಿಯು ಕಾಲೇಜು, ತಿಂಗಳಿಗೆ 40,000. ಸಂಜೆ ಸಿಇಟಿ-ನೀಟ್ ಕೋಚಿಂಗ್, 35,000. ಎರಡೂ ಸಂಬಳವೇ, ಎರಡೂ ಅರ್ಧ ದಿನದ ಕೆಲಸ. 2023ರ ಏಪ್ರಿಲ್‌ನಲ್ಲಿ ಕಾಲೇಜಿನ ಗುಮಾಸ್ತರು ವರ್ಷದ ಡಿಕ್ಲರೇಷನ್ ಫಾರ್ಮ್ ತಂದುಕೊಟ್ಟರು. ಅದರಲ್ಲಿ ಒಂದು ಕಾಲಂ: ಬೇರೆ ಕಡೆಯಿಂದ ಸಂಬಳ ಬರುತ್ತದೆಯೇ? ನಾನು ಖಾಲಿ ಬಿಟ್ಟು ಕೊಟ್ಟೆ. ಅವರು ವಾಪಸ್ ತಂದು, "ಮೇಡಂ, ಇದೊಂದು ಬಿಟ್ಟಿದ್ದೀರಿ" ಅಂದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. "ಇಲ್ಲ" ಅಂತ ಬರೆದು ಸಹಿ ಹಾಕಿಬಿಟ್ಟೆ.

ಯಾಕೆ ಹಾಗೆ ಬರೆದೆ? ಪ್ರಿನ್ಸಿಪಾಲರಿಗೆ ಗೊತ್ತಾದರೆ ಸಂಜೆ ಕೆಲಸಕ್ಕೆ ಕುತ್ತು ಬರುತ್ತದೆ ಅನ್ನುವ ಹೆದರಿಕೆ. ನನ್ನ ನೇಮಕಾತಿ ಆರ್ಡರ್ ಕಾಪಿಯಲ್ಲಿ ಹಾಗೆಂದು ಎಲ್ಲೂ ಇರಲಿಲ್ಲ, ಅದನ್ನು ತೆಗೆದು ಓದುವ ಬುದ್ಧಿಯೂ ಆಗ ಬರಲಿಲ್ಲ. ಸುಮ್ನೆ ಹೆದರಿದೆ.

ಆ ಒಂದು "ಇಲ್ಲ" ಏನು ಮಾಡಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಿಮ್ಮಲ್ಲೂ ಆಗಿರುವುದು ಅದೇ. ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದವರಿಗೆಲ್ಲ ಸುಮ್ನೆ ಕಳೆಯುವ ಮೊತ್ತ, 50,000. ಅದು ಕಳೆದು ಆದಾಯ 7 ಲಕ್ಷದೊಳಗಿದ್ದರೆ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಕಾಲೇಜಿನವರು ನನ್ನ 4,80,000ದಲ್ಲಿ 50,000 ಕಳೆದರು, 4,30,000, ತೆರಿಗೆ ಇಲ್ಲ. ಕೋಚಿಂಗ್‌ನವರು 4,20,000ದಲ್ಲಿ ಅವರೂ ಒಂದು 50,000 ಕಳೆದರು, 3,70,000, ತೆರಿಗೆ ಇಲ್ಲ. ಇಬ್ಬರ ಲೆಕ್ಕವೂ ಸರಿ. ಆದರೆ ಇಬ್ಬರೂ ಒಂದೇ ರಿಬೇಟನ್ನು, ಒಂದೇ ಡಿಡಕ್ಷನ್ನನ್ನು ನನಗೆ ಎರಡೆರಡು ಸಲ ಕೊಟ್ಟಿದ್ದರು. ಅದು ಸಿಗುವುದು ಒಂದು ಪ್ಯಾನ್‌ಗೆ ಒಂದೇ ಸಲ.

2024ರ ಜುಲೈ ಕೊನೇ ವಾರ. ನಾನು ಕಾಲೇಜಿನ ಫಾರ್ಮ್ 16 ಮಾತ್ರ ಹಿಡಿದುಕೊಂಡು ಆಡಿಟರ್ ಹತ್ತಿರ ಹೋದೆ. ಅವರು ಪೋರ್ಟಲ್‌ನಲ್ಲಿ ಎಐಎಸ್ (ನಮ್ಮ ಆದಾಯದ ಬಗ್ಗೆ ಇಲಾಖೆಯ ಹತ್ತಿರ ಇರುವ ಪಟ್ಟಿ) ತೆಗೆದು, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ಎರಡನೇ ಸಾಲಿನ ಮೇಲೆ ಪೆನ್ ಇಟ್ಟರು. "ಮೇಡಂ, ಇವರೂ ನಿಮಗೆ ಸಂಬಳ ಕೊಟ್ಟಿದ್ದಾರಲ್ಲ, ಯಾರಿವರು?" ನನ್ನ ಬಾಯಿ ಒಣಗಿತು.

ಒಟ್ಟು 9 ಲಕ್ಷ, 50,000 ಕಳೆದರೆ 8,50,000. ರಿಬೇಟ್ ಇಲ್ಲ. ತೆರಿಗೆ 40,000, ಸೆಸ್ ಸೇರಿ 41,600. ಅಡ್ವಾನ್ಸ್ ಟ್ಯಾಕ್ಸ್ ಕಂತು ಕಟ್ಟದ್ದಕ್ಕೆ ಬಡ್ಡಿ 2,099. ಮಾರ್ಚ್ ದಾಟಿದ ಮೇಲೆ ನಾಲ್ಕು ತಿಂಗಳ ಬಡ್ಡಿ, ತಿಂಗಳಿಗೆ 1%ರಂತೆ, 1,664. ಬಡ್ಡಿ ಹೋಗಲಿ ಬಿಡಿ, ಅದು ದೊಡ್ಡದಲ್ಲ. ತಿಂಗಳಿಗೆ 3,500ರಂತೆ ಗೊತ್ತೇ ಆಗದ ಹಾಗೆ ಹೋಗಬೇಕಿದ್ದ ದುಡ್ಡು ಒಂದೇ ಏಟಿಗೆ 45,360 ಆಗಿ ಬಂತು. ಆ ಹೊತ್ತಿಗೆ ನಾನು ಚೀಟಿ ಎತ್ತಿದ ದುಡ್ಡಿನಲ್ಲಿ ಸ್ಕೂಟರ್ ತಗೊಂಡಾಗಿತ್ತು. ಅಮ್ಮನ ಎಫ್‌ಡಿ ಮುರಿಸಿ ಕಟ್ಟಿದೆ.

ಹಾಗಾಗಿ ಯಾವ ಫಾರ್ಮ್ 16 ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು. ಎರಡೂ. ಒಂದನ್ನು ತೋರಿಸಿದರೆ ಸಾಕು ಅಂದ ನಿಮ್ಮ ಸ್ನೇಹಿತರ ಮಾತು ಕೇಳಬೇಡಿ. ಇಲಾಖೆಯ ಕಣ್ಣಿಗೆ ಎರಡೂ ಬಿದ್ದಿರುತ್ತವೆ, ಬೇಕಂತಲೇ ಮುಚ್ಚಿಟ್ಟಿದ್ದು ಅಂತಾದರೆ ದಂಡವೇ ತೆರಿಗೆಯ ಎರಡು ಪಟ್ಟು ಬೀಳಬಹುದು. ಟಿಡಿಎಸ್ ಸೊನ್ನೆ ಅಂದರೆ ತೆರಿಗೆ ಸೊನ್ನೆ ಅಂತ ಅಲ್ಲ. 2025–26ರ ದರದಲ್ಲಿ ನಿಮ್ಮದೇ ಲೆಕ್ಕ ಹಾಕಿದೆ. ಬೇರೆಬೇರೆ ನೋಡಿದರೆ 8,40,000 ಮತ್ತು 7,20,000, ಎರಡೂ 12 ಲಕ್ಷದ ರಿಬೇಟ್ ಮಿತಿಯೊಳಗೆ. ಕೂಡಿಸಿದರೆ 15,60,000, ಅದರಲ್ಲಿ 75,000 ಕಳೆದು 14,85,000. ಸೆಸ್ ಸೇರಿ ತೆರಿಗೆ 1,06,860. ನನಗಿಂತ ದೊಡ್ಡ ಏಟು.

ಇಬ್ಬರಲ್ಲಿ ಒಬ್ಬರಿಗೆ ಇನ್ನೊಂದು ಸಂಬಳದ ವಿವರ ಕೊಡಿ, ಅವರೇ ಒಟ್ಟು ಲೆಕ್ಕ ಹಾಕಿ ಹಿಡಿಯುತ್ತಾರೆ. ಲೆಕ್ಕ ಗೊತ್ತಿರುವ ಅಕೌಂಟೆಂಟ್ ಎಲ್ಲಿದ್ದಾರೋ ಅಲ್ಲಿಗೇ ಕೊಡಿ, ಸಂಬಳ ಯಾವುದು ಜಾಸ್ತಿ ಅಂತ ನೋಡಬೇಡಿ. ಹೇಳುವುದಕ್ಕೆ ಇಷ್ಟ ಇಲ್ವಾ? ಹೇಳಲೇಬೇಕು ಅಂತೇನಿಲ್ಲ. ಸುಳ್ಳು ಬರೆಯಬೇಡಿ ಅಷ್ಟೇ, ಆಮೇಲೆ ಅಡ್ವಾನ್ಸ್ ಟ್ಯಾಕ್ಸ್ ನೀವೇ ಕಟ್ಟಿಕೊಳ್ಳಿ: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ನಾಲ್ಕಕ್ಕೂ 15ನೇ ತಾರೀಖು ಕೊನೆ. ನಾನು ಎರಡೂ ಮಾಡಲಿಲ್ಲ. (ಕ್ಲಿನಿಕ್‌ನವರು ಸಂಬಳ ಅನ್ನದೆ ಪ್ರೊಫೆಷನಲ್ ಫೀಸ್ ಅಂತ 10% ಹಿಡಿದು ಕೊಡುತ್ತಿದ್ದರೆ ಕಥೆ ಬೇರೆ, ಆಗ ಸಂಬಳದವರ ಸರಳ ರಿಟರ್ನ್ ಫಾರ್ಮ್ ಐಟಿಆರ್-1 ನಡೆಯುವುದಿಲ್ಲ. ಪೇ ಸ್ಲಿಪ್ ಒಮ್ಮೆ ನೋಡಿ.)

ಆ ಆಗಸ್ಟ್‌ನಲ್ಲಿ ಕೋಚಿಂಗ್ ಸಂಬಳದ ವಿವರ ಬರೆದು ಕಾಲೇಜಿಗೆ ಕೊಟ್ಟೆ. ಮಾರ್ಚ್‌ವರೆಗೆ ತಿಂಗಳಿಗೆ 4,200 ಚಿಲ್ಲರೆ ಕಟ್ ಆಯಿತು. ಕೊಡುವಾಗ ಕೈ ನಡುಗುತ್ತಿತ್ತು. ಗುಮಾಸ್ತರು ಓದಲೂ ಇಲ್ಲ, ಫೈಲಿಗೆ ಪಂಚ್ ಮಾಡುತ್ತಾ ಅಂದರು: "ಗೊತ್ತು ಬಿಡಿ ಮೇಡಂ. ನನ್ನ ಮಗಳು ನಿಮ್ಮ ಸಂಜೆ ಬ್ಯಾಚೇ."