ಸಂಪಾದಕರ ಉತ್ತರ: ಕಾಂಡ ಮುಟ್ಟಿ ನೋಡಿದವರ ಮಾತು

ಸೋಮವಾರಪೇಟೆಯ ಓದುಗರೊಬ್ಬರು ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದರ ಒಂಬತ್ತು ಮಂದಿಯ ಸಾಫ್ಟ್‌ವೇರ್ ತಂಡ ನಡೆಸುತ್ತಿದ್ದಾರೆ. ಕೆಲಸ ಹಿಂದೆ ಬಿದ್ದಿದೆ. ಹಳೆಯ ಕೋಡ್ ಸರಿಪಡಿಸಲು ಎರಡು ವಾರ ಬೇಕೇ ಬೇಕು ಎಂದು ತಂಡದ ಹಿರಿಯ ಎಂಜಿನಿಯರ್ ಪಟ್ಟು ಹಿಡಿದಿದ್ದಾರೆ. ಮೇಲಿನವರು ಇನ್ನೂ ಮೂವರನ್ನು ಕೊಡುತ್ತೇವೆ, ತಾರೀಖು ಮಾತ್ರ ತಪ್ಪಬಾರದು ಎನ್ನುತ್ತಾರೆ. ‘ನಾನು ಜನರನ್ನು ನೋಡಲೇ, ಕೋಡನ್ನು ನೋಡಲೇ?’ ಎಂದು ಕೇಳಿದ್ದಾರೆ.

ಆ ಮೂವರ ವಿಷಯ ಮೊದಲು ಮುಗಿಸೋಣ. ಬೇಡವೆನ್ನಿ. ಕಾಫಿ ಕೊಯ್ಲು ತಡವಾದರೆ ಇನ್ನೊಂದು ಜೀಪಿನಷ್ಟು ಆಳು ಕರೆಸಬಹುದು. ಒಬ್ಬರು ಕೊಯ್ಯುವ ಗಿಡಕ್ಕೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ. ನಿಮ್ಮಲ್ಲಿ ಒಂಬತ್ತು ಮಂದಿಯೆಂದರೆ 36 ಜೋಡಿಗಳ ಮಾತುಕತೆ, ಹನ್ನೆರಡಾದರೆ 66. ಹೊಸಬರಿಗೆ ಕಲಿಸಬೇಕಾದವರೂ ಈಗಾಗಲೇ ಏದುಸಿರು ಬಿಡುತ್ತಿರುವ ಹಳಬರೇ. ಐಬಿಎಂ ಕಂಪನಿಗೆ ಓಎಸ್/360 ಎಂಬ ಭಾರಿ ಸಾಫ್ಟ್‌ವೇರ್ ಕಟ್ಟಿಸಿ ಪೆಟ್ಟು ತಿಂದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡ.

ಇನ್ನು ಹಿರಿಯ ಎಂಜಿನಿಯರ್ ಕೇಳುತ್ತಿರುವ ಆ ಎರಡು ವಾರದ ಮಾತು. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ, ಆಮೇಲೆ ಸರಿಪಡಿಸೋಣವೆಂದು ಬಿಟ್ಟ ಇಂಥ ಕೋಡನ್ನು ಸಾಲಕ್ಕೆ ಹೋಲಿಸಿದರು. ನನಗೇನೋ ಅರೇಬಿಕಾ ಕಾಫಿ ಗಿಡವನ್ನು ಒಳಗಿಂದ ತಿನ್ನುವ ಹುಳು, ಕಾಂಡಕೊರಕವೇ ಸರಿಯಾದ ಹೋಲಿಕೆ. ಸಾಲಕ್ಕೆ ಪಾಸ್‌ಬುಕ್ಕಾದರೂ ಇರುತ್ತದೆ. ಕೊರಕ ಹೊಕ್ಕ ಗಿಡ ರಸ್ತೆಯಿಂದ ನೋಡಿದರೆ ಹಸಿರಾಗಿಯೇ ಇರುತ್ತದೆ. ತೊಗಟೆಯ ಮೇಲೆದ್ದ ಏಣು ಬೆರಳಾಡಿಸಿದವರಿಗಷ್ಟೇ ಸಿಗುತ್ತದೆ. ಅವರು ಹೇಳಿದರೆ ಒಂದು ಗಿಡ ಕಿತ್ತು ಸುಡುತ್ತೀರಿ. ಬಾಯಿ ಮುಚ್ಚಿಕೊಂಡರೆ ಅಕ್ಕಪಕ್ಕದವೂ ಹೋಗುತ್ತವೆ.

ಒಂದು ರಾತ್ರಿ ಪುಟ ಮುದ್ರಣಕ್ಕೆ ತಡವಾಗಿ ನಾನು ಗಡಿಯಾರ ತೋರಿಸಿ ಕೂಗಾಡುತ್ತಿದ್ದೆ. ತಲೆಬರಹದಲ್ಲೇ ತಪ್ಪಿತ್ತು. ಕರಡು ತಿದ್ದುವ ಹುಡುಗ ಅದನ್ನು ಕಂಡಿದ್ದ, ಹೇಳಲಿಲ್ಲ. ಮರುದಿನ ಕೇಳಿದರೆ, ‘ನೀವು ಹಾಗಿದ್ದಿರಿ ಸಾರ್’ ಎಂದ. ಅಂದಿನಿಂದ ಜನರನ್ನೂ ಕೆಲಸವನ್ನೂ ಎರಡು ತಟ್ಟೆಯಲ್ಲಿಟ್ಟು ತೂಗುವ ನಿಮ್ಮಂಥ ತಕ್ಕಡಿ ನನಗೆ ಒಗ್ಗುವುದಿಲ್ಲ. ಕೋಡಿನ ಕಾಯಿಲೆ ನಿಮಗೆ ಗೊತ್ತಾಗುವುದೇ ನಿಮ್ಮ ಜನರ ಬಾಯಿಂದ.

ಹಾಗೆಂದು ಹಿರಿಯ ಎಂಜಿನಿಯರ್ ಕೇಳಿದ್ದನ್ನೆಲ್ಲ ಕೊಡಬೇಡಿ. ಚೆಂದಕ್ಕಾಗಿ ತಿದ್ದುವ ಚಪಲ ಎಂಜಿನಿಯರುಗಳಿಗೂ ಇದೆ, ಸಂಪಾದಕರಿಗೂ ಇದೆ. ಅವರು ಒಬ್ಬರೇ ಇದ್ದಾಗ ಕರೆ ಮಾಡಿ ಕೇಳಿ: ಈ ಮೂರು ತಿಂಗಳಲ್ಲಿ ಯಾವುದನ್ನು ಮುಟ್ಟಿದಾಗಲೆಲ್ಲ ಇನ್ನೇನೋ ಕೆಟ್ಟಿತು? ಬೆರಳಿಟ್ಟು ತೋರಿಸಿದ್ದಕ್ಕೆ ದಿನ ಕೊಡಿ, ಉಳಿದದ್ದು ಕಾಯಲಿ. ತಾರೀಖಿನ ಮಾತನ್ನು ಮೇಲಿನವರ ಹತ್ತಿರ ನೀವೇ ಆಡಿ, ಆ ಎಂಜಿನಿಯರನ್ನು ಮುಂದೆ ತಳ್ಳಬೇಡಿ. ಮಳೆ ಹಿಡಿಯುವ ಮೊದಲೇ ಆಡಿ. ಆಮೇಲೆ ನಿಮ್ಮ ಕಡೆ ಕರೆಂಟೂ ಇರುವುದಿಲ್ಲ.